ತೊಳೆದಷ್ಟೂ ಹೋಗದ ಶಂಕೆ

ಊರಿಗೆ ಹೊರಟವನು ಬಾಗಿಲಿಗೆ ಬೀಗ ಹಾಕಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ಹಿಂದಿರುಗಿ ಬಂದು ಬೀಗವನ್ನೊಮ್ಮೆ ಜಗ್ಗಿ ನೋಡುವುದು ಲೋಕದಲ್ಲಿ ಸಾಮಾನ್ಯ. ರಾತ್ರಿ ಮಲಗುವ ಮುನ್ನ ಅಡುಗೆಮನೆಗೆ ಹೋಗಿ, ಗ್ಯಾಸಿನ ಒಲೆ ಆರಿದೆಯೇ ಎಂದು ನೋಡಿಬರದ ಗೃಹಿಣಿಯೇ ಇಲ್ಲವೆನ್ನಬಹುದು. ಒಮ್ಮೆ ನೋಡಿದರೆ ಮನಸ್ಸು ನಿಶ್ಚಿಂತವಾಗುತ್ತದೆ. ಕೆಲಸ ಮುಂದೆ ಸಾಗುತ್ತದೆ. ಇದು ಜಾಗರೂಕತೆ, ಸಂಸಾರವಂದಿಗರಲ್ಲಿ ಇರಬೇಕಾದ ಗುಣವೇ ಹೌದು.

ಆದರೆ ಬೀಗವನ್ನು ಒಮ್ಮೆ ಜಗ್ಗಿದರೂ ನಿಶ್ಚಿಂತೆ ಬಾರದೆ ಹೋದರೆ? ಹತ್ತು ಸಲ ಜಗ್ಗಿದರೂ, ಇಪ್ಪತ್ತು ಸಲ ಜಗ್ಗಿದರೂ ಬಾರದೆ ಹೋದರೆ? ಬೀಗ ಬಿದ್ದಿದೆಯೆಂದು ಕಣ್ಣು ಹೇಳುತ್ತದೆ, ಕೈ ಹೇಳುತ್ತದೆ, ಬುದ್ಧಿಯೂ ಹೇಳುತ್ತದೆ. ಮನಸ್ಸು ಮಾತ್ರ 'ಒಂದು ವೇಳೆ ಬಿದ್ದಿಲ್ಲದಿದ್ದರೆ?' ಎಂದು ಕೇಳುವುದನ್ನು ನಿಲ್ಲಿಸುವುದಿಲ್ಲ. ಬಸ್ಸು ಹೊರಟುಹೋಗುತ್ತದೆ, ಕಚೇರಿಯಲ್ಲಿ ಮೇಲಧಿಕಾರಿಯ ಮುಖ ಕೆಂಪಾಗುತ್ತದೆ, ಬೀಗದ ಮುಂದೆ ನಿಂತವನ ಕಣ್ಣಿನಲ್ಲಿ ನೀರು ತುಂಬುತ್ತದೆ. ಇದನ್ನು ಜಾಗರೂಕತೆಯೆಂದು ಕರೆಯಲಾಗದು. ಇದೊಂದು ಕಾಯಿಲೆ. ಕನ್ನಡದಲ್ಲಿ ಇದಕ್ಕೆ ಗೀಳು ರೋಗವೆಂದು ಹೆಸರು. ವೈದ್ಯರ ಪರಿಭಾಷೆಯಲ್ಲಿ 'ಅಬ್ಸೆಸಿವ್ ಕಂಪಲ್ಸಿವ್ ಡಿಸಾರ್ಡರ್', ಸಂಕ್ಷೇಪವಾಗಿ ಒ.ಸಿ.ಡಿ.

ನೂರು ಜನರಲ್ಲಿ ಒಬ್ಬರೋ ಇಬ್ಬರೋ ಬದುಕಿನ ಯಾವುದಾದರೊಂದು ಘಟ್ಟದಲ್ಲಿ ಈ ರೋಗಕ್ಕೆ ಸಿಕ್ಕಿಕೊಳ್ಳುತ್ತಾರೆಂದು ಹಲವು ದೇಶಗಳ ಸಮೀಕ್ಷೆಗಳು ತಿಳಿಸುತ್ತವೆ. ಮದ್ದಿಲ್ಲದ ರೋಗವಾಗಿದ್ದರೆ ವಿಧಿಯನ್ನು ಹಳಿದು ಸುಮ್ಮನಿರಬಹುದಾಗಿತ್ತು. ಇದಕ್ಕೆ ಮದ್ದುಂಟು. ಸುಮಾರು ೬೦ ವರ್ಷಗಳ ಹಿಂದೆಯೇ ರೂಪುಗೊಂಡು, ಪರೀಕ್ಷೆಗಳಲ್ಲಿ ಗೆದ್ದು, ದೇಶವಿದೇಶಗಳ ವೈದ್ಯಮಂಡಲಿಗಳ ಶಿಫಾರಸು ಪಡೆದ ಚಿಕಿತ್ಸೆಯೊಂದುಂಟು. ಅದಕ್ಕೆ ಯಂತ್ರ ಬೇಡ, ಶಸ್ತ್ರ ಬೇಡ, ವಿದೇಶದಿಂದ ತರಿಸಬೇಕಾದ ದುಬಾರಿ ಔಷಧ ಬೇಡ. ಬಲ್ಲವರೊಬ್ಬರು ರೋಗಿಯ ಎದುರು ಇಪ್ಪತ್ತು ಗಂಟೆಗಳ ಕಾಲ ಕುಳಿತರೆ ಸಾಕು. ಹಾಗಿದ್ದೂ ಅದು ರೋಗಿಗಳಲ್ಲಿ ಹೆಚ್ಚಿನವರನ್ನು ತಲುಪುತ್ತಿಲ್ಲ. ಏಕೆ?

ಸುಳಿಯ ಸ್ವರೂಪ

ಗೀಳು ರೋಗಕ್ಕೆ ಎರಡು ಮುಖಗಳು. ಮೊದಲನೆಯದು, ಬೇಡವೆಂದರೂ ಮನಸ್ಸಿನೊಳಕ್ಕೆ ನುಗ್ಗಿ ಬರುವ ಯೋಚನೆ. ಎರಡನೆಯದು, ಆ ಯೋಚನೆ ತಂದ ತಳಮಳವನ್ನು ಅಡಗಿಸುವುದಕ್ಕಾಗಿ ಮಾಡಿಯೇ ತೀರಬೇಕೆನಿಸುವ ಕ್ರಿಯೆ. ಕೈಗೆ ಕೊಳೆ ಅಂಟಿತೆಂಬುದು ಯೋಚನೆ, ತೊಳೆಯುವುದು ಕ್ರಿಯೆ. ಲೆಕ್ಕದಲ್ಲಿ ತಪ್ಪು ನುಸುಳಿರಬಹುದೆಂಬುದು ಯೋಚನೆ. ಕೂಡಿದ್ದನ್ನೇ ಮತ್ತೆ ಮತ್ತೆ ಕೂಡುವುದು ಕ್ರಿಯೆ. ಕ್ರಿಯೆ ಕಣ್ಣಿಗೆ ಕಾಣಲೇಬೇಕೆಂದೂ ಇಲ್ಲ. ಮನಸ್ಸಿನೊಳಗೇ ಎಣಿಸುತ್ತಿರುವುದು, ಒಂದೇ ಪ್ರಾರ್ಥನೆಯನ್ನು 'ಸರಿಯಾಗಿ' ಬರುವವರೆಗೆ ಹೇಳುತ್ತಿರುವುದು, 'ಏನೂ ಆಗುವುದಿಲ್ಲ ತಾನೆ?' ಎಂದು ಮನೆಯವರನ್ನು ದಿನಕ್ಕೆ ನೂರು ಸಲ ಕೇಳುತ್ತಿರುವುದು, ಇವೂ ಅದೇ ಜಾತಿಯವು.

ಕೈ ತೊಳೆದ ಒಡನೆಯೇ ತಳಮಳ ಕಡಮೆಯಾಗುತ್ತದೆ. ಮೋಸವಿರುವುದು ಇಲ್ಲಿಯೇ. 'ತೊಳೆದದ್ದರಿಂದ ಉಳಿದೆ, ತೊಳೆಯದಿದ್ದರೆ ಕೆಡುತ್ತಿದ್ದೆ' ಎಂಬ ತಪ್ಪು ಪಾಠವನ್ನು ಮನಸ್ಸು ಕಲಿತುಬಿಡುತ್ತದೆ. ಮರುಸಲ ಶಂಕೆ ಇನ್ನಷ್ಟು ಬಲವಾಗಿ ಬರುತ್ತದೆ. ತೊಳೆಯುವ ಹೊತ್ತೂ ಬೆಳೆಯುತ್ತದೆ. ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡಿದವನ ಪಾಡು ರೋಗಿಯದು. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಇಂಥ ಯೋಚನೆ, ಕ್ರಿಯೆಗಳಲ್ಲಿ ಕಳೆದುಹೋದರೆ, ಅಥವಾ ಅವುಗಳಿಂದ ಓದು, ಉದ್ಯೋಗ, ಸಂಸಾರ ಕೆಟ್ಟರೆ, ಅದನ್ನು ರೋಗವೆಂದು ಪರಿಗಣಿಸಬೇಕೆಂಬುದು ವೈದ್ಯರ ಒಂದು ಅಳತೆ. ರೋಗ ಸಾಮಾನ್ಯವಾಗಿ ತಲೆಯೆತ್ತುವುದು ಹದಿಹರೆಯದಲ್ಲಿ ಅಥವಾ ಯೌವನದ ಆರಂಭದಲ್ಲಿ. ಪರೀಕ್ಷೆ, ನೌಕರಿ, ಮದುವೆ ಎಂದು ಬದುಕು ಕಟ್ಟಿಕೊಳ್ಳಬೇಕಾದ ಕಾಲದಲ್ಲಿ.

ಮಡಿಯ ಮರೆಯಲ್ಲಿ

ಚಿಕಿತ್ಸೆಗೆ ಹೋಗುವ ಹಾದಿಯಲ್ಲಿ ಮೊದಲ ಅಡ್ಡಿ ಮನೆಯೊಳಗೇ ಇದೆ. ಯಾವ ಮನೆಯಲ್ಲಿ ಯಾವುದು ಪವಿತ್ರವೋ ಗೀಳು ಅದರ ವೇಷವನ್ನೇ ಧರಿಸುತ್ತದೆ. ಮಡಿ, ಮೈಲಿಗೆ, ಮುಸುರೆಗಳ ಆಚಾರವಿರುವ ಮನೆಯಲ್ಲಿ ಅದು ಮಡಿಯಾಗುತ್ತದೆ. ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವ ಮನೆಯಲ್ಲಿ ತೀರದ ವುಜೂ ಆಗುತ್ತದೆ. ಪಾಪನಿವೇದನೆಯ ಸಂಪ್ರದಾಯವಿರುವ ಮನೆಯಲ್ಲಿ ಮುಗಿಯದ ನಿವೇದನೆಯಾಗುತ್ತದೆ. ಕೊರೋನಾ ಹರಡಿದ ೨೦೨೦ರಲ್ಲಿ, ಸೋಪು ಹಚ್ಚಿ ೨೦ ಸೆಕೆಂಡುಗಳ ಕಾಲ ಕೈ ತೊಳೆಯಿರೆಂದು ಲೋಕಕ್ಕೆ ಲೋಕವೇ ಬೋಧಿಸುತ್ತಿದ್ದಾಗ, ಈ ರೋಗಕ್ಕೆ ಅದಕ್ಕಿಂತ ಒಳ್ಳೆಯ ಮರೆ ಇನ್ನೊಂದು ಬೇಕಿರಲಿಲ್ಲ.

ಮನೆಯವರು ಆಚಾರವನ್ನೂ ರೋಗವನ್ನೂ ಬೇರ್ಪಡಿಸುವುದು ಹೇಗೆ? ಆಚಾರಕ್ಕೆ ಒಂದು ಕೊನೆಯುಂಟು. ಸ್ನಾನವಾಯಿತು, ಮಡಿ ಉಟ್ಟದ್ದಾಯಿತು, ಪೂಜೆ ಮುಗಿಯಿತು. ಇನ್ನು ಎಲೆ ಹಾಕಬಹುದು. ಗೀಳಿಗೆ ಆ ಕೊನೆ ಇಲ್ಲ. ಸ್ನಾನ ಮುಗಿಸಿ ಹೊರಬಂದವಳು ಹೊಸ್ತಿಲು ತಗುಲಿತೆಂದು ಮರಳಿ ಬಚ್ಚಲಿಗೆ ಹೋಗುತ್ತಾಳೆ. ಆಚಾರ ಮಾಡಿದವರಿಗೆ ತೃಪ್ತಿ ದೊರೆಯುತ್ತದೆ. ಗೀಳಿನವರಿಗೆ ದೊರೆಯುವುದು ಬಳಲಿಕೆ ಮಾತ್ರ. ಅಂಗೈ ಒಡೆದು ರಕ್ತ ಜಿನುಗುತ್ತಿದ್ದರೂ, ತೊಟ್ಟಿಯ ನೀರು ಬರಿದಾದರೂ, ಮಕ್ಕಳು ಶಾಲೆಯಿಂದ ಬಂದು ಬಾಗಿಲಲ್ಲೇ ಬಟ್ಟೆ ಕಳಚಿ ನಿಲ್ಲಬೇಕಾದರೂ, ನೆರೆಹೊರೆಯವರು 'ಆಕೆ ಬಹಳ ಮಡಿವಂತೆ' ಎನ್ನುತ್ತಾರೆ. ಆ ಹೊಗಳಿಕೆಯ ಕೆಳಗೆ ಒಂದು ಜೀವ ಹತ್ತು ವರ್ಷ ನರಳಿದರೂ ಯಾರಿಗೂ ತಿಳಿಯುವುದಿಲ್ಲ. ಬರೆದ ಅಕ್ಷರವನ್ನೇ ಅಳಿಸಿ ಅಳಿಸಿ ಬರೆಯುತ್ತ ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆಗಳನ್ನೂ ಮುಗಿಸಲಾರದ ಹುಡುಗನನ್ನು ಉಪಾಧ್ಯಾಯರು 'ನಿಧಾನಿ' ಎನ್ನುತ್ತಾರೆ; ತಂದೆ 'ಸೋಮಾರಿ' ಎನ್ನುತ್ತಾನೆ.

ಹೇಳಲಾಗದ ನೋವು

ತೊಳೆಯುವುದು, ಪರೀಕ್ಷಿಸುವುದು ಹೇಗೋ ಕಣ್ಣಿಗೆ ಬೀಳುತ್ತವೆ. ಕಾಣದಿರುವ ಬಗೆಯೊಂದಿದೆ, ಅದು ಇನ್ನೂ ಕ್ರೂರ. ಹೆರಿಗೆಯಾಗಿ ತಿಂಗಳು ಕಳೆದಿಲ್ಲ. ತೊಟ್ಟಿಲಲ್ಲಿ ಕಂದ ಮಲಗಿದೆ. ಈಳಿಗೆಮಣೆಯ ಮುಂದೆ ಕುಳಿತ ತಾಯಿಯ ಮನಸ್ಸಿನಲ್ಲಿ 'ನಾನು ಈ ಮಗುವಿಗೆ ಏನಾದರೂ ಮಾಡಿಬಿಟ್ಟರೆ?' ಎಂಬ ಯೋಚನೆ ಮಿಂಚಿನಂತೆ ಹಾಯುತ್ತದೆ. ಆಕೆ ನಡುಗುತ್ತಾಳೆ. ಈಳಿಗೆಯನ್ನು ಅಟ್ಟಕ್ಕೆ ಹಾಕುತ್ತಾಳೆ. ಮಗುವಿನ ಬಳಿ ಒಬ್ಬಳೇ ಇರಲು ಅಂಜುತ್ತಾಳೆ. ತಾನು ರಾಕ್ಷಸಿಯೆಂದು ತನ್ನನ್ನೇ ಶಪಿಸಿಕೊಳ್ಳುತ್ತಾಳೆ. ಇನ್ನೊಬ್ಬ ಭಕ್ತನಿಗೆ ದೇವರ ಮುಂದೆ ಕೈಮುಗಿದೊಡನೆ ಅಶ್ಲೀಲವಾದ ಮಾತುಗಳು ಮನಸ್ಸಿಗೆ ಬರುತ್ತವೆ. ಅವನು ಗುಡಿಗೆ ಹೋಗುವುದನ್ನೇ ಬಿಡುತ್ತಾನೆ.

ಇಂಥ ಯೋಚನೆಗಳು ಆಸೆಗಳಲ್ಲವೆಂಬುದನ್ನು ಎಲ್ಲರೂ ತಿಳಿಯಬೇಕು. ಮನಸ್ಸು ಯಾವುದನ್ನು ಅತ್ಯಂತ ಪ್ರೀತಿಸುತ್ತದೆಯೋ ಗೀಳು ಅಲ್ಲಿಯೇ ಕೊಕ್ಕೆ ಹಾಕುತ್ತದೆ. ಆ ತಾಯಿ ನಡುಗಿದ್ದೇ ಆ ಯೋಚನೆ ಆಕೆಯ ಸ್ವಭಾವಕ್ಕೆ ವಿರುದ್ಧವಾದುದೆಂಬುದಕ್ಕೆ ಸಾಕ್ಷಿ. ಆದರೆ ಆಕೆ ಇದನ್ನು ಯಾರ ಮುಂದೆ ಹೇಳಿಯಾಳು? ಅತ್ತೆಯ ಮುಂದೆಯೆ? ಗಂಡನ ಮುಂದೆಯೆ? ಹೇಳಿದರೆ ಮಗುವನ್ನು ಕಿತ್ತುಕೊಂಡಾರೆಂಬ ಭಯ. ಹೇಳದಿದ್ದರೆ ಒಳಗೇ ಬೇಯುವ ಸಂಕಟ.

ಮನಸ್ಸಿನ ಕಾಯಿಲೆಗಳ ವಿಚಾರ ಕನ್ನಡದ ಓದುಗರಿಗೆ ಹೊಸದೇನೂ ಅಲ್ಲ. 'ಕೊರವಂಜಿ'ಯ ರಾಶಿ ಎಂದೇ ಮನೆಮಾತಾದ ಡಾಕ್ಟರ್ ಎಂ. ಶಿವರಾಂ ಅವರ 'ಮನಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತ್ತು. ಆದರೆ ಪುಸ್ತಕದಲ್ಲಿ ಓದುವುದು ಬೇರೆ. ತನ್ನ ನೋವಿಗೆ ಒಂದು ಹೆಸರಿದೆ, ಅದು ತನ್ನ ಪಾಪವಲ್ಲ, ಅದಕ್ಕೆ ಚಿಕಿತ್ಸೆಯುಂಟು ಎಂದು ಅರಿತು ಬಾಯಿ ತೆರೆಯುವುದು ಬೇರೆ. ಗೀಳು ರೋಗಿಗಳಲ್ಲಿ ಅನೇಕರು ರೋಗ ತೊಡಗಿದ ಎಷ್ಟೋ ವರ್ಷಗಳ ಮೇಲೆ ವೈದ್ಯರ ಬಾಗಿಲು ತಟ್ಟುತ್ತಾರೆ.

ಲಂಡನ್ನಿನ ಇಬ್ಬರು ರೋಗಿಗಳು

ಹಾಗೆ ಬಾಗಿಲು ತಟ್ಟಿದವರಿಗೆ ಒಂದು ಕಾಲದಲ್ಲಿ ವೈದ್ಯರಿಂದಲೂ ಹೆಚ್ಚಿನ ನೆರವು ದೊರೆಯುತ್ತಿರಲಿಲ್ಲ. ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡನು ಈ ರೋಗಕ್ಕೆ ತುತ್ತಾದ ತರುಣನೊಬ್ಬನ ವೃತ್ತಾಂತವನ್ನು ೧೯೦೯ರಲ್ಲಿ ಪ್ರಕಟಿಸಿದ್ದನು. ಅಲ್ಲಿಂದ ಮುಂದೆ ಬಹುಕಾಲ ವರ್ಷಾನುಗಟ್ಟಲೆ ನಡೆಯುವ ಮನೋವಿಶ್ಲೇಷಣೆಯೇ ಮುಖ್ಯ ಚಿಕಿತ್ಸೆಯಾಗಿತ್ತು. ಅದರಿಂದ ಗೀಳಿನ ಕಥೆ ತಿಳಿಯುತ್ತಿತ್ತೇ ಹೊರತು ಗೀಳು ಬಿಡುತ್ತಿದ್ದುದು ಅಪರೂಪ. ಅತಿ ತೀವ್ರವಾದ ರೋಗಿಗಳಲ್ಲಿ ಕೆಲವರ ಮಿದುಳಿಗೆ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದರು.

೧೯೬೬ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಬೇರೆಯ ದಾರಿ ಹಿಡಿದರು. ಹಳೆಯ ಚಿಕಿತ್ಸೆಗಳಿಗೆ ಬಗ್ಗದಿದ್ದ ಇಬ್ಬರು ರೋಗಿಗಳ ವೃತ್ತಾಂತವನ್ನು ಅವರು ಆ ವರ್ಷ ಪ್ರಕಟಿಸಿದರು. ರೋಗಿ ಯಾವುದಕ್ಕೆ ಅಂಜುತ್ತಿದ್ದರೋ ಅದನ್ನೇ ಎದುರಿಸುವಂತೆ ಮಾಡುವುದು. ಆಮೇಲೆ ಎಂದಿನ ಕ್ರಿಯೆಯನ್ನು ಮಾಡದಂತೆ ತಡೆಯುವುದು. ಎಚ್ಚರವಿರುವಷ್ಟು ಹೊತ್ತೂ ದಾದಿಯರು ಬಳಿಯಲ್ಲೇ ಇದ್ದು ನೋಡಿಕೊಂಡರು. ಕೊಠಡಿಯ ನಲ್ಲಿಯ ನೀರನ್ನೂ ನಿಲ್ಲಿಸಲಾಯಿತು. ತೊಳೆಯದಿದ್ದರೆ ತಳಮಳ ಮುಗಿಲು ಮುಟ್ಟಿ ಅನಾಹುತವಾಗುವುದೆಂಬ ಭಯ ಸುಳ್ಳಾಯಿತು. ತಳಮಳ ಏರಿತು, ಹೊತ್ತು ಕಳೆದಂತೆ ತಾನಾಗಿಯೇ ಇಳಿಯಿತು. ೧೯೭೪ರ ಹೊತ್ತಿಗೆ ಮೇಯರ್ ಮತ್ತು ಅವರ ಸಹೋದ್ಯೋಗಿಗಳು ೧೫ ರೋಗಿಗಳಿಗೆ ಈ ಚಿಕಿತ್ಸೆ ನೀಡಿದ್ದರು. ಅವರಲ್ಲಿ ೧೦ ಮಂದಿ ಬಹುಮಟ್ಟಿಗೆ ಗುಣಹೊಂದಿದರು.

ಇಂದು ಈ ಚಿಕಿತ್ಸೆಗೆ 'ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್', ಸಂಕ್ಷೇಪವಾಗಿ ಇ.ಆರ್.ಪಿ. ಎಂದು ಹೆಸರು. 'ಎದುರಿಸಿ ತಡೆಯುವ ಚಿಕಿತ್ಸೆ' ಎಂದು ಕನ್ನಡದಲ್ಲಿ ಹೇಳಬಹುದು. ನಲ್ಲಿಯ ನೀರು ನಿಲ್ಲಿಸುವ ಬಲವಂತ ಈಗಿಲ್ಲ. ರೋಗಿ ತಾನಾಗಿ ಒಪ್ಪಿ ಹೆಜ್ಜೆಯಿಡಬೇಕು. ಮೊದಲು ಚಿಕಿತ್ಸಕರೂ ರೋಗಿಯೂ ಕುಳಿತು ಭಯಗಳ ಏಣಿಯೊಂದನ್ನು ಕಟ್ಟುತ್ತಾರೆ. ಬಾಗಿಲ ಹಿಡಿ ಮುಟ್ಟಿದರೆ ತಳಮಳ ನೂರಕ್ಕೆ ಇಪ್ಪತ್ತು. ಬಸ್ಸಿನ ಕಂಬಿ ಹಿಡಿದರೆ ನಲವತ್ತು. ಚಪ್ಪಲಿ ಮುಟ್ಟಿದರೆ ಅರುವತ್ತು. ಸಾರ್ವಜನಿಕ ಶೌಚಾಲಯದ ಚಿಲಕ ಮುಟ್ಟಿದರೆ ತೊಂಬತ್ತು. ಕೆಳಗಿನ ಮೆಟ್ಟಿಲಿನಿಂದ ಆರಂಭ. ಬಾಗಿಲ ಹಿಡಿಯನ್ನು ಮುಟ್ಟಿ, ಕೈ ತೊಳೆಯದೆ, ಬಂದ ತಳಮಳವನ್ನು ತಡೆದುಕೊಂಡು ಕುಳಿತಿರಬೇಕು. ಆ ಮೆಟ್ಟಿಲು ಸುಲಭವಾದ ಮೇಲೆ ಮುಂದಿನದು. ಚಿಕಿತ್ಸಾಲಯದಲ್ಲಿ ಕಲಿತದ್ದನ್ನು ಮನೆಯಲ್ಲಿ ದಿನವೂ ಅಭ್ಯಾಸ ಮಾಡಬೇಕು. 'ಖಚಿತವಾಗಿ ತಿಳಿಯದಿದ್ದರೂ ಬಾಳಬಹುದು' ಎಂಬ ಪಾಠ ಮೆಲ್ಲಮೆಲ್ಲನೆ ಮೈಗೂಡುತ್ತದೆ. ಈಜು ಕಲಿಯುವುದಕ್ಕೆ ನೀರಿಗೆ ಇಳಿಯಲೇಬೇಕು. ಆದರೆ ಕೈಹಿಡಿದು ಇಳಿಸುವವರು ಬೇಕು, ಆಳ ಬಲ್ಲವರಾಗಿರಬೇಕು.

ಅಮೆರಿಕದಲ್ಲಿ ಎಡ್ನಾ ಫೋವಾ ಮತ್ತು ಸಂಗಡಿಗರು ೧೨೨ ಮಂದಿ ವಯಸ್ಕ ರೋಗಿಗಳ ಮೇಲೆ ನಡೆಸಿ, ೨೦೦೫ರಲ್ಲಿ ಪ್ರಕಟಿಸಿದ ಪರೀಕ್ಷೆಯ ಫಲಿತಾಂಶ ಹೀಗಿದೆ: ಹುಸಿ ಗುಳಿಗೆ ನುಂಗಿದವರಲ್ಲಿ ನೂರಕ್ಕೆ ೮ ಮಂದಿಗೆ ಗುಣ ಕಂಡಿತು, ಕ್ಲೋಮಿಪ್ರಮಿನ್ ಎಂಬ ಔಷಧ ಪಡೆದವರಲ್ಲಿ ೪೨ ಮಂದಿಗೆ, ಇ.ಆರ್.ಪಿ. ಪಡೆದವರಲ್ಲಿ ೬೨ ಮಂದಿಗೆ. ಎರಡನ್ನೂ ಪಡೆದವರಲ್ಲಿ ೭೦ ಮಂದಿಗೆ. ಚಿಕಿತ್ಸೆ ಸುಲಭವಾದುದಲ್ಲ. ಭಯವನ್ನು ಎದುರಿಸಲಾರದೆ ನಡುವೆಯೇ ಬಿಟ್ಟುಹೋಗುವವರುಂಟು. ಪೂರ್ತಿ ಮಾಡಿಯೂ ಗುಣ ಕಾಣದವರುಂಟು. ಆದರೂ ಮಾತಿನ ಚಿಕಿತ್ಸೆಗಳಲ್ಲಿ ಈ ರೋಗಕ್ಕೆ ಇದರಷ್ಟು ಬಲವಾದ ಆಧಾರವುಳ್ಳದ್ದು ಮತ್ತೊಂದಿಲ್ಲ.

ಗುಳಿಗೆಯೂ ಬೇಕು, ಗುರುವೂ ಬೇಕು

ಬ್ರಿಟನ್ನಿನ ನೈಸ್ ಎಂಬ ಅಧಿಕೃತ ಸಂಸ್ಥೆ ೨೦೦೫ರಲ್ಲಿ ಗೀಳು ರೋಗದ ಚಿಕಿತ್ಸೆಗೆ ಮಾರ್ಗಸೂಚಿಯನ್ನು ಹೊರಡಿಸಿತು. ರೋಗ ಸೌಮ್ಯವಾಗಿದ್ದರೆ ಹತ್ತು ಗಂಟೆಗಳೊಳಗಿನ ಇ.ಆರ್.ಪಿ.; ಮಧ್ಯಮವಾಗಿದ್ದರೆ ಹತ್ತು ಗಂಟೆಗಳಿಗೂ ಮೀರಿದ ಚಿಕಿತ್ಸೆ ಅಥವಾ ಔಷಧ, ಆಯ್ಕೆ ರೋಗಿಯದು; ತೀವ್ರವಾಗಿದ್ದರೆ ಎರಡೂ ಕೂಡಿ. ಭಾರತೀಯ ಮನೋವೈದ್ಯ ಸಂಘಕ್ಕಾಗಿ ೨೦೧೭ರಲ್ಲಿ ಸಿದ್ಧವಾದ ಮಾರ್ಗಸೂಚಿಯೂ ಔಷಧ ಮತ್ತು ಇ.ಆರ್.ಪಿ. ಇವೆರಡನ್ನೇ ಮೊದಲ ಸಾಲಿನಲ್ಲಿ ಇರಿಸಿದೆ.

ಔಷಧವನ್ನು ಕಡೆಗಣಿಸುವಂತಿಲ್ಲ. ಫ್ಲುವಾಕ್ಸೆಟಿನ್, ಸರ್ಟ್ರಲಿನ್ ಮುಂತಾದ ಗುಳಿಗೆಗಳಿಂದ ಅನೇಕರು ಸುಧಾರಿಸಿದ್ದಾರೆ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಇಲ್ಲಿ ಬೇಕಾಗುವುದುಂಟು. ಗುಣ ಪೂರ್ತಿ ಕಾಣಲು ೧೨ ವಾರಗಳೂ ಹಿಡಿಯಬಹುದು. ಎರಡು ವಾರ ನುಂಗಿ 'ಏನೂ ಆಗಲಿಲ್ಲ' ಎಂದು ಬಿಡುವುದು, ಗುಣವಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸುವುದು, ಎರಡೂ ತಪ್ಪು. ಇಂಥ ಗುಳಿಗೆ ಇಂದು ತಾಲ್ಲೂಕು ಕೇಂದ್ರದ ಔಷಧದ ಅಂಗಡಿಯಲ್ಲೂ ಹೆಚ್ಚಿನ ಬೆಲೆಯಿಲ್ಲದೆ ದೊರೆಯುತ್ತದೆ. ಮಾರ್ಗಸೂಚಿಯ ಒಂದು ಅರ್ಧ ಹೀಗೆ ಊರೂರಿಗೆ ತಲುಪಿತು. ಇನ್ನೊಂದು ಅರ್ಧವನ್ನು ಶೀಶೆಯಲ್ಲಿ ತುಂಬಿ ಕಳುಹಿಸುವಂತಿಲ್ಲ. ಅದು ಮನುಷ್ಯನ ಕಾಲಿನ ಮೇಲೆಯೇ ನಡೆದು ಬರಬೇಕು.

ಗಂಟೆಗಳ ಲೆಕ್ಕ

ಕೊರತೆಯ ಮೂಲವನ್ನು ತಿಳಿಯಲು ಒಂದು ಸರಳ ಲೆಕ್ಕ ಸಾಕು. ಒಬ್ಬ ರೋಗಿಗೆ ಸುಮಾರು ೨೦ ಗಂಟೆಗಳ ಚಿಕಿತ್ಸೆ ಬೇಕೆನ್ನೋಣ. ಚಿಕಿತ್ಸಕರೊಬ್ಬರು ವಾರಕ್ಕೆ ೨೫ ಗಂಟೆಗಳನ್ನು ಗೀಳು ರೋಗಿಗಳಿಗೇ ಮೀಸಲಿಟ್ಟು ವರ್ಷದಲ್ಲಿ ೪೮ ವಾರ ದುಡಿದರೆ ೧,೨೦೦ ಗಂಟೆಗಳಾದವು. ಅಂದರೆ ೬೦ ರೋಗಿಗಳು. ಇನ್ನು ಚಿಕಿತ್ಸಕರೆಷ್ಟು ಮಂದಿ? ವಿಶ್ವ ಆರೋಗ್ಯ ಸಂಸ್ಥೆಯ ೨೦೧೭ರ ಲೆಕ್ಕದಂತೆ ಭಾರತದಲ್ಲಿ ಲಕ್ಷ ಜನಕ್ಕೆ ಮನೋವೈದ್ಯರು ೦.೨೯, ಮನಶ್ಶಾಸ್ತ್ರಜ್ಞರು ೦.೦೭. ಎಂದರೆ ಸುಮಾರು ೧೪ ಲಕ್ಷ ಜನಕ್ಕೆ ಒಬ್ಬ ಮನಶ್ಶಾಸ್ತ್ರಜ್ಞ. ನೂರಕ್ಕೆ ಒಬ್ಬರೆಂದು ಹಿಡಿದರೂ ಆ ೧೪ ಲಕ್ಷದಲ್ಲಿ ೧೪,೦೦೦ ಗೀಳು ರೋಗಿಗಳು. ಖಿನ್ನತೆ, ಕುಡಿತ, ಮಕ್ಕಳ ತೊಂದರೆಗಳೆಲ್ಲವನ್ನೂ ಬದಿಗಿಟ್ಟು ಆ ಒಬ್ಬರು ಇವರನ್ನೇ ನೋಡಿದರೂ ವರ್ಷಕ್ಕೆ ಅರುವತ್ತು ಮಂದಿ! ಆಮೇಲಿನ ವರ್ಷಗಳಲ್ಲಿ ತರಬೇತಿಯ ಸ್ಥಾನಗಳು ಹೆಚ್ಚಿದ್ದರೂ ಈ ಅಂತರ ಸುಲಭವಾಗಿ ಮುಚ್ಚುವಂಥದಲ್ಲ.

ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಗಿನಿಂದ ಸಾಲು ನಿಂತ ಜನರನ್ನು ನೋಡಬೇಕಾದ ಮನೋವೈದ್ಯರಿಗೆ ಒಬ್ಬೊಬ್ಬರಿಗೆ ದೊರೆಯುವುದು ಕೆಲವೇ ನಿಮಿಷಗಳು. ಅಷ್ಟರಲ್ಲಿ ಗುಳಿಗೆ ಬರೆದುಕೊಡಬಹುದು. ಭಯದ ಏಣಿ ಕಟ್ಟಲಾಗದು. ಇದರಲ್ಲಿ ವೈದ್ಯರ ತಪ್ಪಿಲ್ಲ. ಗಡಿಯಾರದಲ್ಲಿ ಗಂಟೆಗಳೇ ಇಲ್ಲ. ಖಾಸಗಿಯಾಗಿ ಪಡೆಯೋಣವೆಂದರೆ ವಾರವಾರದ ಶುಲ್ಕ ಸಂಬಳದಾರರ ಮನೆಯ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಜೊತೆಗೆ ದೂರದ ತೊಡಕು. ಬೀದರಿನಿಂದ ಬೆಂಗಳೂರಿಗೆ ಸುಮಾರು ೭೦೦ ಕಿಲೋಮೀಟರು. ಬಸ್ಸಿನ ಸೀಟು ಮುಟ್ಟಲೇ ಅಂಜುವ ರೋಗಿ ವಾರಕ್ಕೊಮ್ಮೆ ಅಷ್ಟು ದೂರ ಬಂದು ಹೋಗುವುದು ಹೇಗೆ? ಚಿಕಿತ್ಸೆಯಾಗದೆ ಪಯಣವಿಲ್ಲ, ಪಯಣವಾಗದೆ ಚಿಕಿತ್ಸೆಯಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಇಲ್ಲಿ ಕಣ್ಣೀರಿನ ಮಾತಾಗುತ್ತದೆ.

ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಗೆ ಕೊಂಡೊಯ್ಯುವ ಪ್ರಯತ್ನಕ್ಕೆ ದೇಶಕ್ಕೇ ಮೇಲ್ಪಂಕ್ತಿ ಹಾಕಿದ್ದು ಕರ್ನಾಟಕ. ಬೆಂಗಳೂರಿನ ನಿಮ್ಹಾನ್ಸ್ ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನೂ ಕಾರ್ಯಕರ್ತರನ್ನೂ ತರಬೇತುಗೊಳಿಸಿ, ಊರಿನಲ್ಲೇ ಮನೋರೋಗಿಗಳಿಗೆ ಔಷಧ ದೊರೆಯುವಂತೆ ಮಾಡಿತು. ಅದೇ ಮಾದರಿಯ ಮೇಲೆ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಗಿ ದೇಶದಲ್ಲೆಲ್ಲ ಹರಡಿತು. ಬಳ್ಳಾರಿ ಕಲಿಸಿದ ಪಾಠವನ್ನು ಈಗ ಮಾತಿನ ಚಿಕಿತ್ಸೆಗೂ ಅನ್ವಯಿಸಬೇಕಾಗಿದೆ. ಅದು ಆಗದ ಕೆಲಸವೇನಲ್ಲ. ಇಂಗ್ಲೆಂಡು ೨೦೦೮ರಲ್ಲಿ ಸರಕಾರದ ವೆಚ್ಚದಲ್ಲೇ ಸಾವಿರಾರು ಚಿಕಿತ್ಸಕರನ್ನು ತರಬೇತುಗೊಳಿಸುವ ಯೋಜನೆಯನ್ನು ಕೈಗೊಂಡಿತು. ಅರ್ಜಿ ಬಂದವರಲ್ಲಿ ನೂರಕ್ಕೆ ೭೫ ಮಂದಿಗೆ ಆರು ವಾರಗಳೊಳಗೆ, ೯೫ ಮಂದಿಗೆ ಹದಿನೆಂಟು ವಾರಗಳೊಳಗೆ ಚಿಕಿತ್ಸೆ ಆರಂಭವಾಗಬೇಕೆಂದು ಗುರಿಯನ್ನೂ ಇಟ್ಟುಕೊಂಡಿತು. ಚಿಕಿತ್ಸಕರ ಸಂಖ್ಯೆ ಮಳೆಬೆಳೆಯಂತೆ ದೈವಾಧೀನವಲ್ಲ. ಬೇಕೆಂದು ನಿಶ್ಚಯಿಸಿದ ನಾಡು ಅದನ್ನು ಬೆಳೆಸಿಕೊಳ್ಳಬಲ್ಲುದು.

ತೆರೆದಿರುವ ದಾರಿಗಳು

ಹಾಗೆಂದು ಇಂದಿನ ರೋಗಿ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಗೊಂಡು, ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ಗೀಳು ರೋಗಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯವಿದೆ. ಔಷಧಕ್ಕೆ ಬಗ್ಗದ ರೋಗಿಗಳನ್ನು ಒಳರೋಗಿಗಳಾಗಿ ಇರಿಸಿಕೊಂಡು ಇ.ಆರ್.ಪಿ. ನೀಡುವುದೂ ಉಂಟು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲೂ ವೈದ್ಯಕೀಯ ಕಾಲೇಜುಗಳಲ್ಲೂ ಮನೋವೈದ್ಯ ವಿಭಾಗಗಳಿವೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ೧೪೪೧೬ ಸಂಖ್ಯೆಗೆ ಫೋನು ಮಾಡಬಹುದು. ಇದು ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ 'ಟೆಲಿ ಮಾನಸ್' ಸೇವೆ, ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹೆಸರು ಹೇಳಲು ಸಂಕೋಚಪಡುವ ತಾಯಿಗೆ ಬಾಯಿ ತೆರೆಯಲು ಇದೊಂದು ಕಿಟಕಿ.

ದೂರದ ಅಡ್ಡಿಯನ್ನು ವಿಜ್ಞಾನ ಸ್ವಲ್ಪ ಮಟ್ಟಿಗೆ ಕರಗಿಸಿದೆ. ಸ್ವೀಡನ್ನಿನಲ್ಲಿ ೧೦೧ ರೋಗಿಗಳ ಮೇಲೆ ನಡೆದು ೨೦೧೨ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಂತರಜಾಲದ ಮೂಲಕ ಹತ್ತು ವಾರ ಈ ಚಿಕಿತ್ಸೆಯನ್ನು ಕಲಿಸಲಾಯಿತು. ಬರೆಹದ ಪಾಠಗಳು, ಮನೆಯ ಅಭ್ಯಾಸ, ನಡುನಡುವೆ ಚಿಕಿತ್ಸಕರ ಸಂದೇಶ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ೬೦ ಮಂದಿಗೆ ಗಣನೀಯವಾಗಿ ಗುಣವಾಯಿತು. ಹೋಲಿಕೆಗಾಗಿ ಬೇರೆ ನೆರವು ಪಡೆದವರಲ್ಲಿ ೬ ಮಂದಿಗೆ ಮಾತ್ರ. ಚಿಕಿತ್ಸಕರು ವ್ಯಯಿಸಿದ ಕಾಲ ರೋಗಿಯೊಬ್ಬರಿಗೆ ಎರಡು ಗಂಟೆಗಳ ಆಸುಪಾಸು. ಇಪ್ಪತ್ತು ಗಂಟೆಗಳ ಜಾಗದಲ್ಲಿ ಎರಡು! ಇಂಥ ಪಾಠಗಳು ತಿಳಿಗನ್ನಡದಲ್ಲಿ, ನಮ್ಮ ಬಚ್ಚಲು, ದೇವರಮನೆ, ಬಸ್ಸುಗಳ ಉದಾಹರಣೆಗಳೊಡನೆ ಮನೆಮನೆಗೆ ಬರಬೇಕು. ತಜ್ಞರೊಡನೆ ವೀಡಿಯೋ ಮೂಲಕ ಮುಖಾಮುಖಿ ಮಾತನಾಡಿ ಚಿಕಿತ್ಸೆ ಪಡೆಯುವ ಸೌಕರ್ಯವೂ ಈಗ ಬೆಳೆದಿದೆ. ಬಾಗಿಲ ಹಿಡಿ, ಚಪ್ಪಲಿ, ನಲ್ಲಿಗಳೆಲ್ಲ ಇರುವುದು ರೋಗಿಯ ಮನೆಯಲ್ಲೇ ಆದುದರಿಂದ ಈ ರೋಗಕ್ಕೆ ಅದು ಚೆನ್ನಾಗಿಯೂ ಒಪ್ಪುತ್ತದೆ.

ಕಾನೂನೂ ಬೆಂಬಲಕ್ಕಿದೆ. ೨೦೧೭ರ ಮಾನಸಿಕ ಆರೋಗ್ಯ ಸಂರಕ್ಷಣಾ ಅಧಿನಿಯಮ ೨೦೧೮ರ ಮೇ ೨೯ರಿಂದ ಜಾರಿಗೆ ಬಂದಿತು. ಸರಕಾರ ನಡೆಸುವ ಅಥವಾ ಅದರ ಧನಸಹಾಯವುಳ್ಳ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಅದು ಸಾರಿದೆ; ದೇಹದ ಕಾಯಿಲೆಗೆ ಸಮನಾಗಿ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ವಿಧಿಸಿದೆ. ಆದರೆ ಅನೇಕ ವಿಮಾಪತ್ರಗಳು ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಹಣ ಕೊಡುತ್ತವೆ, ಇ.ಆರ್.ಪಿ. ಬಹುಮಟ್ಟಿಗೆ ನಡೆದು ಬಂದು ಪಡೆಯುವ ಚಿಕಿತ್ಸೆ. ವಿಮಾಪತ್ರ ಕೊಳ್ಳುವಾಗ ಹೊರರೋಗಿ ಚಿಕಿತ್ಸೆಗೆ ಅವಕಾಶವುಂಟೆ ಎಂದು ಕೇಳಿ ಓದಿ ಸಹಿ ಹಾಕುವುದು ಮೇಲು.

ಚಿಕಿತ್ಸಕರನ್ನು ಹುಡುಕುವಾಗಲೂ ಕೇಳಬೇಕಾದ ಪ್ರಶ್ನೆಗಳುಂಟು. ಸಮಾಧಾನದ ಮಾತು, ವಿಶ್ರಾಂತಿಯ ಅಭ್ಯಾಸ, 'ಒಳ್ಳೆಯದನ್ನೇ ಯೋಚಿಸಿ' ಎಂಬ ಹಿತವಚನ, ಇವೆಲ್ಲ ಕೇಳಲು ಇಂಪಾದರೂ ಗೀಳಿಗೆ ಮದ್ದಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನಶ್ಶಾಸ್ತ್ರಜ್ಞರೆ? ಗೀಳು ರೋಗಿಗಳಿಗೆ ಇ.ಆರ್.ಪಿ. ಕೊಟ್ಟು ಅನುಭವವುಂಟೆ? ಮನೆಯಲ್ಲಿ ಮಾಡಬೇಕಾದ ಅಭ್ಯಾಸವನ್ನು ವಾರವಾರವೂ ಕೊಡುವರೆ? ಮಗಳಿಗೆ ವರ ಗೊತ್ತುಮಾಡುವಾಗ ನೂರು ಪ್ರಶ್ನೆ ಕೇಳುವ ನಮ್ಮ ಜನ ಇಲ್ಲಿ ಈ ಮೂರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಮನೆಯವರ ಪಾತ್ರ

ಗೀಳು ಮನೆಯ ಒಬ್ಬರಿಗೆ ಬಂದರೆ ಎಲ್ಲರೂ ಅದರ ಆಳುಗಳಾಗುತ್ತಾರೆ. ಹೆಂಡತಿಯ ಸಂಕಟ ನೋಡಲಾರದೆ ಗಂಡ ತಾನೂ ಹತ್ತು ಸಲ ಕೈ ತೊಳೆಯುತ್ತಾನೆ. ಮಗನ ಪ್ರಶ್ನೆಗೆ ತಾಯಿ ನೂರು ಸಲ 'ಏನೂ ಆಗಿಲ್ಲಪ್ಪ' ಎನ್ನುತ್ತಾಳೆ. ಪ್ರೀತಿಯಿಂದ ಮಾಡಿದ್ದಾದರೂ ಇದು ಬೆಂಕಿಗೆ ತುಪ್ಪ ಸುರಿದಂತೆ. ಹಾಗೆಂದು ಒಂದೇ ದಿನ ಕಟುವಾಗಿ ನಿರಾಕರಿಸುವುದೂ, ಗದರಿಸುವುದೂ, ನಲ್ಲಿಗೆ ಬೀಗ ಹಾಕುವುದೂ ಸರಿಯಲ್ಲ. ಚಿಕಿತ್ಸಕರೊಡನೆ ಕುಳಿತು, ರೋಗಿಯ ಒಪ್ಪಿಗೆ ಪಡೆದು, ಸ್ವಲ್ಪ ಸ್ವಲ್ಪವಾಗಿ ಈ ಊಳಿಗದಿಂದ ಹಿಂದೆಗೆಯಬೇಕು. 'ನಿನಗೆ ಎಷ್ಟು ಕಷ್ಟವಾಗುತ್ತಿದೆಯೆಂದು ಬಲ್ಲೆ. ಈ ಪ್ರಶ್ನೆ ಕೇಳುತ್ತಿರುವುದು ನೀನಲ್ಲ, ನಿನ್ನ ಕಾಯಿಲೆ. ಉತ್ತರ ಹೇಳುವುದಿಲ್ಲ, ಆದರೆ ನಿನ್ನ ಬಳಿಯೇ ಕುಳಿತಿರುತ್ತೇನೆ' ಎಂದು ಹೇಳುವ ಅಣ್ಣನೋ ಅಕ್ಕನೋ ಮನೆಯಲ್ಲಿದ್ದರೆ ಚಿಕಿತ್ಸಕರ ಅರ್ಧ ಕೆಲಸ ಹಗುರವಾದಂತೆ.

ಜ್ವರ ಬಂದ ಮಗುವನ್ನು ಮೂರನೆಯ ದಿನಕ್ಕೇ ವೈದ್ಯರ ಬಳಿಗೆ ಕರೆದೊಯ್ಯುವ ಮನೆಗಳಲ್ಲಿ, ಬಚ್ಚಲಿನಲ್ಲಿ ಎರಡು ಗಂಟೆ ಕಳೆಯುವ ಮಗಳನ್ನು ಮೂರು ವರ್ಷವಾದರೂ ಕರೆದೊಯ್ಯುವವರಿಲ್ಲ. ಆ ಮೂರು ವರ್ಷಗಳಲ್ಲಿ ಒಂದು ಪದವಿ ಕೈತಪ್ಪುತ್ತದೆ, ಒಂದು ಉದ್ಯೋಗ ಹೋಗುತ್ತದೆ, ಒಂದು ಸಂಬಂಧ ಮುರಿಯುತ್ತದೆ. ಸರಕಾರ ಮಾಡಬೇಕಾದುದು ಬಹಳವಿದೆ; ಅದನ್ನು ಕೇಳುವ ಧ್ವನಿಯೂ ಏಳಬೇಕು. ಆದರೆ ರೋಗಕ್ಕೆ ಅದರ ಹೆಸರಿಟ್ಟು ಕರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. 'ಇದು ನಿನ್ನ ತಪ್ಪಲ್ಲ, ಇದಕ್ಕೆ ಚಿಕಿತ್ಸೆಯುಂಟು, ನಾಳೆಯೇ ಹೋಗಿ ಕೇಳಿಕೊಂಡು ಬರೋಣ' ಎಂಬ ಮಾತು ಆಡುವುದಕ್ಕೆ ಕಾಸೂ ಖರ್ಚಿಲ್ಲ. ಅನೇಕ ವರ್ಷಗಳಿಂದ ಒಬ್ಬಂಟಿಯಾಗಿ ಬೇಯುತ್ತಿರುವ ಜೀವಕ್ಕೆ ಮೊದಲ ಚಿಕಿತ್ಸೆ ಅದೇ.